ಚೆನ್ನೆಮಣೆಯ ಲೆಕ್ಕ

ಆಟ ಕಲಿಸುವ ಹಿರಿಯರು ನಮಗೆ ನಿಯಮಗಳನ್ನು ಹೇಳಿಕೊಡುತ್ತಾರೆಯೇ ಹೊರತು ಗೆಲ್ಲುವ ಬಗೆಯನ್ನು ಹೇಳಿಕೊಡುವುದಿಲ್ಲ. ಇದರಲ್ಲಿ ಸ್ವಲ್ಪ ಸ್ವಾರ್ಥವೂ ಉಂಟೆಂದು ನನಗೆ ಗುಮಾನಿ. ಮೊಮ್ಮಗ ಸೋಲುತ್ತಿರುವಷ್ಟು ಕಾಲವೂ ಅಜ್ಜನಿಗೆ ಆಡಲು ಜೊತೆ ಸಿಕ್ಕುತ್ತದೆ. ಗೆಲ್ಲಲು ಕಲಿತ ಮೊಮ್ಮಗ ಬೇರೆ ಜೊತೆಯನ್ನು ಹುಡುಕಿಕೊಂಡು ಹೋಗುತ್ತಾನೆ.

ನಮ್ಮ ಕವಿಗಳೂ ಈ ವಿಷಯದಲ್ಲಿ ಅಜ್ಜಂದಿರ ಹಾಗೆಯೇ. ಜೂಜಿನ ಪ್ರಸಂಗ ಬಂದರೆ ಅವರ ಕಣ್ಣೆಲ್ಲ ಒಡ್ಡಿದ ಪಣದ ಮೇಲೆ. ಪಂಪಭಾರತದಲ್ಲಿ ಭಾನುಮತಿ ಕರ್ಣನೊಡನೆ ನೆತ್ತವಾಡಿದ ಸಂದರ್ಭವನ್ನು ಪಾಠ ಹೇಳದ ಕನ್ನಡ ಅಧ್ಯಾಪಕನಿಲ್ಲ. ಮುತ್ತಿನ ಹಾರಕ್ಕೆ ಕೈಹಾಕಿದವರು ಯಾರು, ಅದು ಹರಿದದ್ದು ಹೇಗೆ ಎಂಬ ಬಗ್ಗೆ ವಿದ್ವಾಂಸರು ಎಷ್ಟೋ ಪುಟಗಳನ್ನು ಬರೆದಿದ್ದಾರೆ. ಆದರೆ ಆಕೆ ಆ ಆಟವನ್ನು ಸೋತದ್ದು ಎಲ್ಲಿ, ಯಾವ ಕಾಯನ್ನು ನಡೆಸಬಾರದಿತ್ತು ಎಂದು ಕೇಳಿದವರನ್ನು ನಾನು ಕಾಣೆ. ಕ್ರಿ.ಶ. 941ರಿಂದ ಇಂದಿನವರೆಗೆ ಭಾನುಮತಿಗೆ ಒಂದು ಉಪಯುಕ್ತ ಸಲಹೆ ಕೊಡುವವರಿಲ್ಲದೆ ಹೋಯಿತು!

ಆಟವನ್ನು ಶಾಸ್ತ್ರವೆಂದೇ ಕಂಡವರೂ ಇಲ್ಲದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲಿ ಒಂದನ್ನೂ ಎರಡು ಸಲ ಮೆಟ್ಟದಂತೆ ನಡೆಸುವ ಬಂಧಗಳನ್ನು ಹೆಣೆದವರು. ಗಂಜೀಫೆಯಲ್ಲಿ 360 ಎಲೆಗಳ ಒಂದು ಕಟ್ಟನ್ನೇ ಕಲ್ಪಿಸಿದವರು. ಆದರೆ 360 ಎಲೆಗಳನ್ನು ಕೈಯಲ್ಲಿ ಹಿಡಿದು ಕೂರುವ ವಿರಾಮ ಅರಸರಿಗಲ್ಲದೆ ಇನ್ನಾರಿಗುಂಟು? ನಮ್ಮಂಥವರಿಗೆ ಮಳೆಗಾಲದ ಒಂದು ಮಧ್ಯಾಹ್ನ ಸಿಕ್ಕಿದರೆ ಅದೇ ದೊಡ್ಡದು. ಆದ್ದರಿಂದ ಬಡವರ ಆಟಗಳ ಮಾತನ್ನೇ ಆಡುತ್ತೇನೆ.

ಚೌಕಾಬಾರದಲ್ಲಿ ನಾಲ್ಕು ಕವಡೆ. ಅವು ಅಂಗಾತವೋ ಕವುಚಿಯೋ ಸಮನಾಗಿ ಬೀಳುವವೆಂದು ಹಿಡಿದರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಎಂಬುದು ಆರು ಸಲ, ಒಂದು ಮತ್ತು ಮೂರು ತಲಾ ನಾಲ್ಕು ಸಲ, ಚೌಕವೂ ಬಾರವೂ ಒಂದೊಂದೇ ಸಲ. ಎಂದರೆ, ವೈರಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಅತ್ಯಂತ ಅಪಾಯ; ನಾಲ್ಕು ಮನೆ ಮುಂದೆ ನಿಂತರೆ ಹೆಚ್ಚುಕಡಿಮೆ ನಿಶ್ಚಿಂತೆ. ಇಷ್ಟನ್ನು ನೆನಪಿಟ್ಟುಕೊಂಡವನು ದೇವರಿಗೆ ಹರಕೆ ಹೊರಬೇಕಾಗಿಲ್ಲ. ಹುಲಿಕುರಿ ಆಟದಲ್ಲಿ ಮೂರು ಹುಲಿಗಳನ್ನು ಹದಿನೈದು ಕುರಿಗಳು ಕಟ್ಟಿಹಾಕಬೇಕಷ್ಟೆ. ಅಲ್ಲಿ ಕುರಿಯ ಬೆನ್ನಿಗೆ ಬರಿದಾದ ಮನೆ ಇರದಂತೆ, ಅಂಚಿನಿಂದ ಒಳಕ್ಕೆ ತುಂಬಿಕೊಂಡು ಬರುವುದೇ ಉಪಾಯ. ಹುಲಿ ಹಾರುವುದಕ್ಕೆ ಕುರಿ ಬೇಕು, ಕುರಿಯ ಆಚೆ ಬಯಲೂ ಬೇಕು. ಇನ್ನು ಇಸ್ಪೀಟಿನ ‘ಇಪ್ಪತ್ತೆಂಟು’ ಆಟ: ಅದರಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕ ಹತ್ತುಗಳಿಗೆ ಒಂದೊಂದು. ರಾಜರಾಣಿಯರಿಗೆ ಸೊನ್ನೆ. ಇಂಥ ಪ್ರಜಾಸತ್ತೆಯ ಆಟಕ್ಕೆ ನನ್ನ ಸಲಹೆ ಬೇಕಾಗಿಲ್ಲ. ಜಾತ್ರೆಯ ಗದ್ದೆಯ ಬದುವಿನಲ್ಲಿ ಬೇಕಾದಷ್ಟು ಗುರುಗಳು ಸಿಕ್ಕುತ್ತಾರೆ.

ನಾನು ಹೇಳಹೊರಟದ್ದು ಚೆನ್ನೆಮಣೆಯನ್ನು ಕುರಿತು. ಹಳೆಯ ಮೈಸೂರಿನವರು ಅಳಗುಳಿಮಣೆ ಎನ್ನುತ್ತಾರೆ, ತಮಿಳರಿಗೆ ಪಲ್ಲಾಂಕುಳಿ. ತುಳುನಾಡಿನ ನಮಗೆ ಚೆನ್ನೆ. ಹಲಸಿನ ಹಲಗೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿ. ಕಾಯಿ ಎಂದರೆ ಕೆಂಪಗೆ ಮಿನುಗುವ ಮಂಜೊಟ್ಟಿಯ ಬೀಜ. ಅದಿಲ್ಲವಾದರೆ ಹುಣಸೆ ಬೀಜ. ಆಡುವುದು ಆಟಿ ತಿಂಗಳಲ್ಲಿ ಮಾತ್ರ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಳೆ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿದಂತೆ ಸುರಿಯುವ ತಿಂಗಳು ಅದು. ನೇಜಿ ನೆಟ್ಟಾಗಿದೆ, ಕಣಜದ ತಳ ಕಾಣುತ್ತಿದೆ, ಹೊಸ ಮದುಮಗಳು ತವರಿಗೆ ಬಂದಿದ್ದಾಳೆ. ಆಗ ಅಟ್ಟದಿಂದ ಮಣೆ ಇಳಿಯುತ್ತದೆ. ಸೋಣ ತಿಂಗಳು ಹುಟ್ಟಿದರೆ ಕವುಚಿ ಹಾಕಿ ಮತ್ತೆ ಅಟ್ಟಕ್ಕೆ.

ನನ್ನ ದೊಡ್ಡಮ್ಮನ ಮನೆ ಚಾರ್ಮಾಡಿಯಲ್ಲಿ. ಘಟ್ಟದ ಬುಡದ ಊರು. ಬೆಳ್ತಂಗಡಿ ತಾಲ್ಲೂಕಿನ ಉಳಿದವರು “ಮಳೆ ಬಂತು” ಎಂದರೆ ಅಲ್ಲಿಯವರು “ಇದು ಮಳೆಯೋ?” ಎಂದು ಕೇಳುವವರು. ದೊಡ್ಡಮ್ಮ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಚೆನ್ನೆಮಣೆಯ ಮುಂದೆ ಕೂತರೆ ಅವರ ಲೆಕ್ಕವನ್ನು ತಪ್ಪು ಹಿಡಿಯುವವರು ಆ ಸುತ್ತಿನಲ್ಲಿರಲಿಲ್ಲ. ಅವರ ಮನೆಯ ಕ್ರಮ ಹೀಗೆ: ನಿಮ್ಮ ಸಾಲಿನ ಯಾವುದಾದರೂ ಗುಳಿಯ ಕಾಯಿಗಳನ್ನೆತ್ತಿ ಬಲಕ್ಕೆ ಗುಳಿಗೊಂದರಂತೆ ಹಂಚುತ್ತ ಹೋಗಬೇಕು. ನಿಮ್ಮ ಸಾಲು ಮುಗಿದರೆ ಎದುರಾಳಿಯ ಸಾಲಿಗೆ ಹತ್ತಿ ಸುತ್ತಿಕೊಂಡು ಬರಬೇಕು. ಕೈಯ ಕೊನೆಯ ಕಾಯಿ ಬಿದ್ದ ಮೇಲೆ ಅದರ ಮುಂದಿನ ಗುಳಿಯನ್ನೆತ್ತಿ ಮತ್ತೆ ಹಂಚುವುದು. ಹಾಗೆ ಎತ್ತಲು ಹೋದ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಯಿಗಳೂ, ಅದಕ್ಕೆ ನೇರ ಎದುರಿಗಿರುವ ಗುಳಿಯ ಕಾಯಿಗಳೂ ನಿಮ್ಮ ಪಾಲು. ಅಲ್ಲಿಗೆ ಸರದಿ ಬದಲು. ಬೇರೆ ಮನೆಗಳಲ್ಲಿ ಬೇರೆ ಕ್ರಮಗಳುಂಟು. ಕೆಲವರು ಎದುರಿನದನ್ನು ಮುಟ್ಟುವುದಿಲ್ಲ; ಕೆಲವರು ಗುಳಿಯಲ್ಲಿ ನಾಲ್ಕು ತುಂಬಿದೊಡನೆ ಎತ್ತಿಕೊಳ್ಳುತ್ತಾರೆ. ಒಬ್ಬರೇ ಕೂತು ಆಡುವ ಸೀತೆಯ ಆಟವೂ ಉಂಟು. ಅಶೋಕವನದಲ್ಲಿ ಸೀತೆಗೆ ಹೊತ್ತು ಕಳೆಯಬೇಕಿತ್ತಲ್ಲ!

ದೊಡ್ಡಮ್ಮ ಮೊದಲ ಆಟವನ್ನು ಯಾವಾಗಲೂ ಎಡದಿಂದ ಎರಡನೆಯ ಗುಳಿಯಿಂದ ಆರಂಭಿಸುತ್ತಿದ್ದರು. ಏಕೆಂದು ಕೇಳಿದರೆ “ನಮ್ಮ ಅಮ್ಮ ಹಾಗೇ ಮಾಡುತ್ತಿದ್ದದ್ದು” ಎನ್ನುತ್ತಿದ್ದರು. ಒಮ್ಮೆ ನಾನು ಕಾಗದ ಪೆನ್ಸಿಲು ಹಿಡಿದು ಕೂತು ಇದನ್ನು ಪರೀಕ್ಷಿಸಿದೆ. ಎಲ್ಲ ಗುಳಿಗಳಲ್ಲೂ ನಾಲ್ಕೇ ಇರುವಾಗ, ಎಲ್ಲಿಂದ ಹೊರಟರೂ ಓಟ ಒಂದೇ: ಏಳು ಸಲ ಎತ್ತಿ, ಒಟ್ಟು 28 ಕಾಯಿ ಹಂಚಿ, ಎರಡು ಸುತ್ತು ಬಂದ ಮೇಲೆ ಒಂದು ಬರಿಯ ಗುಳಿಯೆದುರು ನಿಲ್ಲಬೇಕು. ಅದರಾಚೆಯ ಗುಳಿಯಲ್ಲಿ ಆರು ಕಾಯಿ. ಎದುರಿನದನ್ನು ಮುಟ್ಟದ ಮನೆಯಲ್ಲಾದರೆ ಏಳು ಗುಳಿಗಳೂ ಸಮ, ಎಲ್ಲಕ್ಕೂ ಆರೇ. ಆದರೆ ಎದುರಿನದನ್ನೂ ತೆಗೆಯುವ ಕ್ರಮದಲ್ಲಿ ಭೇದ ಕಾಣುತ್ತದೆ. ಒಂದು, ನಾಲ್ಕು, ಏಳನೆಯ ಗುಳಿಗಳಿಂದ ಹೊರಟರೆ ಎದುರಿನದು ಬರಿದಾಗಿರುತ್ತದೆ, ಸಿಕ್ಕುವುದು ಆರು. ಮೂರನೆಯದರಿಂದ ಏಳು. ಐದು ಆರನೆಯದರಿಂದ ಹನ್ನೆರಡು. ಎರಡನೆಯದರಿಂದ ಹದಿಮೂರು! ಎರಡನೆಯ ಗುಳಿಗಿಂತ ಲಾಭದ ಆರಂಭ ಆ ಮಣೆಯಲ್ಲಿ ಇಲ್ಲವೇ ಇಲ್ಲ. ನಾನು ಉತ್ಸಾಹದಿಂದ ಕಾಗದ ತೋರಿಸಿದರೆ ದೊಡ್ಡಮ್ಮ, “ಹೌದು, ಹದಿಮೂರು. ಅದನ್ನು ಬರೆಯುವುದಕ್ಕೆ ಏನುಂಟು?” ಎಂದರು.

ಮುಂದಿನ ಉಪಾಯಗಳೂ ಅವರಿಂದ ಕಲಿತವೇ. ಗುಳಿಯಲ್ಲಿ ಎಷ್ಟು ಕಾಯಿ ಇವೆಯೋ ಅದಕ್ಕೆ ಒಂದು ಸೇರಿಸಿ ನೋಡಬೇಕು. ನೀವು ಮುಂದೆ ಎತ್ತುವುದು ಆ ಗುಳಿಯನ್ನು. ಇದೊಂದೇ ಲೆಕ್ಕವನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಓಡಿಸಬಲ್ಲವನು ಸಾಮಾನ್ಯ ಆಟಗಾರರನ್ನೆಲ್ಲ ಸೋಲಿಸುತ್ತಾನೆ. ಬರಿದಾದ ಗುಳಿಯ ಮುಂದೆ ತುಂಬಿದ ಗುಳಿ ಇದ್ದರೆ ಅದು ಬಾಗಿಲು ತೆರೆದಿಟ್ಟ ಮನೆ. ಆ ಬರಿದರಲ್ಲಿ ಒಂದು ಕಾಯಾದರೂ ಬೀಳುವಂತೆ ಆಡಬೇಕು. ಒಂಟಿ ಕಾಯನ್ನು ಅಲಕ್ಷ್ಯ ಮಾಡಬಾರದು. ಮೂರನೆಯ ಗುಳಿಯಲ್ಲಿ ಒಂದೇ ಕಾಯಿ, ಐದನೆಯದು ಬರಿದು, ಆರನೆಯದರಲ್ಲಿ ರಾಶಿ ಎನ್ನಿ. ಒಂಟಿಯನ್ನು ನಾಲ್ಕನೆಯದಕ್ಕೆ ಸರಿಸಿದರೆ ಸಾಕು, ರಾಶಿ ನಿಮ್ಮದು. ಅದು ನಿಮ್ಮದೇ ಸಾಲಿನ ರಾಶಿಯಾದರೂ ಎತ್ತಿಟ್ಟುಕೊಳ್ಳುವುದೇ ಜಾಣತನ, ಏಕೆಂದರೆ ಮಣೆಯ ಮೇಲಿರುವುದು ಇನ್ನೂ ಯಾರದೂ ಅಲ್ಲ. ಹಾಗೆಯೇ ಹದಿಮೂರರ ಗುಳಿ. ಅದನ್ನೆತ್ತಿದರೆ ಉಳಿದ ಹದಿಮೂರು ಗುಳಿಗಳಿಗೂ ಒಂದೊಂದು ಹಾಕಿ ಕೈ ಖಾಲಿಯಾಗುತ್ತದೆ, ಮುಂದಿನದು ನೀವೇ ಬರಿದು ಮಾಡಿದ ಗುಳಿ. ಅದರಾಚೆಯದನ್ನೂ ಅದರ ಎದುರಿನದನ್ನೂ ಬಾಚಿಕೊಳ್ಳಬಹುದು. ದೊಡ್ಡಮ್ಮ ಒಂದು ಗುಳಿಯನ್ನು ಹದಿಮೂರಕ್ಕೆ ಬೆಳೆಸುವುದನ್ನು ನೋಡಬೇಕು; ಕಂದನನ್ನು ಸಾಕಿದ ಹಾಗೆ ಸಾಕುತ್ತಿದ್ದರು.

ಮಣೆಯ ಕಾಯಿಗಳನ್ನು ಬೆರಳಿನಿಂದ ಮುಟ್ಟಿ ಎಣಿಸುವ ಹಾಗಿಲ್ಲ, ಕಣ್ಣಿನಲ್ಲೇ ಎಣಿಸಬೇಕು ಎಂಬುದು ಅವರ ಇನ್ನೊಂದು ಕಟ್ಟಳೆ. ಮುಟ್ಟಿದರೆ ಆಡಿದಂತೆ.

ಈ ಜಾತಿಯ ಆಟ ಆಫ್ರಿಕ, ಅರೇಬಿಯಗಳಲ್ಲೆಲ್ಲ ಉಂಟು. ಪಶ್ಚಿಮ ಆಫ್ರಿಕದ ಅವಾರಿಯಲ್ಲಿ ಹನ್ನೆರಡು ಗುಳಿ, 48 ಕಾಯಿ. ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್, ಹೆನ್ರಿ ಬಾಲ್ ಎಂಬ ಇಬ್ಬರು 2002ರಲ್ಲಿ ಗಣಕಯಂತ್ರಗಳನ್ನು ಕೂಡಿಸಿ ಆ ಆಟದಲ್ಲಿ ಉಂಟಾಗಬಹುದಾದ ಸುಮಾರು 88,900 ಕೋಟಿ ಸ್ಥಿತಿಗಳನ್ನೂ ಲೆಕ್ಕಹಾಕಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮಸಮ ಎಂದು ಫಲಿತಾಂಶ ಬಂತು. ಇದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, “ತಪ್ಪಿಲ್ಲದೆ ಆಡುವವರು ಆಟ ಯಾಕೆ ಆಡಬೇಕು?” ಎಂದು ಕೇಳಿದರು. ಆ ವಿದ್ವಾಂಸರ ಪರವಾಗಿ ನನ್ನಲ್ಲಿ ಉತ್ತರವಿರಲಿಲ್ಲ.

ಚೆನ್ನೆಗೆ ಒಂದು ನಿಷೇಧವುಂಟು: ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು. ಇದಕ್ಕೆ ಮೂಲ ಸಿರಿಯ ಪಾಡ್ದನ. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಇಬ್ಬರೂ ಚೆನ್ನೆ ಆಡುತ್ತ ಆಡುತ್ತ ಜಗಳಕ್ಕೆ ಬಿದ್ದರು. ಅಕ್ಕ ಮಣೆಯನ್ನೇ ಎತ್ತಿ ತಂಗಿಯ ತಲೆಗೆ ಅಪ್ಪಳಿಸಿದಳು, ತಂಗಿ ಸತ್ತಳು. ಏನು ಮಾಡಿದೆನೆಂದು ತಿಳಿದ ಅಕ್ಕ ಬಾವಿಗೆ ಹಾರಿದಳು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಕೂಡಿ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಾಗಿದ್ದವು. ಓದುಬರಹದ ಹಂಗಿಲ್ಲದೆ ಅಷ್ಟನ್ನು ಎದೆಯಲ್ಲಿಟ್ಟುಕೊಂಡವರ ತಾಲ್ಲೂಕಿನಲ್ಲಿ, ಹದಿಮೂರರ ಲೆಕ್ಕ ಬರೆದಿಡಲು ಹೋದ ನನ್ನನ್ನು ಕಂಡು ದೊಡ್ಡಮ್ಮ ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ.

ಅಕ್ಕತಂಗಿಯರಿಗೇ ಏಕೆ ಈ ನಿಷೇಧ? ನನಗೆ ತೋರುವುದು ಹೀಗೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಒಬ್ಬ ತಾಯಿಯ ಹೆಣ್ಣುಮಕ್ಕಳೇ ನಾಳೆ ಬೇರೆ ಬೇರೆ ಕವರುಗಳ ಮೂಲ. 1949ರ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ಕೊಟ್ಟದ್ದೂ ಕವರುಗಳಿಗೇ. ಒಂದೇ ಕಣಜದ ಕಾಳನ್ನು ಎರಡು ಸಾಲಿನಲ್ಲಿ ಹಂಚಿ, ಒಬ್ಬಳು ಇನ್ನೊಬ್ಬಳ ಗುಳಿಯಿಂದ ಬಾಚಿಕೊಳ್ಳುವ ಆಟವನ್ನು ಅಂಥ ಮನೆಯ ಅಕ್ಕತಂಗಿಯರು ಆಡುವುದು ಬೇಡವೆಂದು ಹಿರಿಯರಿಗೆ ಅನಿಸಿರಬೇಕು. ಅವರ ಭಯ ಸುಳ್ಳಲ್ಲ. ಮಣೆ ಮುಟ್ಟದೆಯೂ ಆ ಆಟ ನಡೆಯುತ್ತದೆ.

ನಮ್ಮ ಮನೆಯಲ್ಲಿ ನಡೆಯಿತು. ಅಜ್ಜಿ ತೀರಿಕೊಂಡ ಮೇಲೆ ಪಾಲಾದಾಗ ಹೊಳೆಯ ಬದಿಯ ಒಂದು ತುಂಡು ಅಡಿಕೆ ತೋಟ ದೊಡ್ಡಮ್ಮನ ಕಡೆಗೆ ಹೋಯಿತು. ಅದು ತನಗೆಂದು ಅಜ್ಜಿ ಬಾಯಿಮಾತಿನಲ್ಲಿ ಹೇಳಿದ್ದರೆಂದು ನನ್ನ ತಾಯಿ. ಕಾಗದದಲ್ಲಿ ಇರುವುದೇ ನಿಜವೆಂದು ದೊಡ್ಡಮ್ಮ. ಎಣಿಸಿದರೆ ಎಂಬತ್ತು ಮರವಿದ್ದೀತು. ಮಾತು ನಿಂತಿತು. ಮದುವೆ, ತಿಥಿಗಳಿಗೆ ಹೋಗಿ ಬರುವುದಿತ್ತು. ಒಂದೇ ಪಂಕ್ತಿಯಲ್ಲಿ ಉಣ್ಣುವುದೂ ಇತ್ತು. ಆದರೆ ಹೇಳಬೇಕಾದ್ದನ್ನೆಲ್ಲ ಮೂರನೆಯವರ ಮೂಲಕ ಹೇಳುವುದು. ಏಳು ವರ್ಷ ಹೀಗೆಯೇ ನಡೆಯಿತು.

2019ರ ಆಗಸ್ಟ್‌ನಲ್ಲಿ ದೊಡ್ಡಪ್ಪನ ವರ್ಷಾಂತಿಕಕ್ಕೆಂದು ನಾನು ತಾಯಿಯನ್ನು ಕರೆದುಕೊಂಡು ಘಟ್ಟವಿಳಿದು ಹೋಗಿದ್ದೆ. ಎರಡು ದಿನಕ್ಕೆಂದು ಹೋದವರು ನಾವು. ಆ ವಾರ ಸುರಿದ ಮಳೆಯನ್ನು ಆ ಸೀಮೆಯವರು ಯಾರೂ ಮರೆತಿಲ್ಲ. ಘಟ್ಟದಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿಹೋಯಿತು. ಮೃತ್ಯುಂಜಯ ಹೊಳೆ ದಂಡೆ ಮೀರಿ ಬಂದು ತೋಟಗಳಿಗೆ ಮರಳನ್ನೂ ಬೇರು ಸಮೇತ ಮರಗಳನ್ನೂ ತಂದು ಸುರಿಯಿತು. ದೊಡ್ಡಮ್ಮನ ಮನೆ ಎತ್ತರದಲ್ಲಿದ್ದುದರಿಂದ ನಾವು ಕ್ಷೇಮ. ಕರೆಂಟಿಲ್ಲ, ಫೋನಿಲ್ಲ, ಮೇಲಕ್ಕೆ ಹೋಗುವ ದಾರಿಯಿಲ್ಲ. ಮನೆಯಲ್ಲಿ ಮೂರೇ ಜನ, ಅದರಲ್ಲಿ ಇಬ್ಬರು ಮಾತಾಡದವರು. ಆಟಿ ಮುಗಿಯಲು ಇನ್ನೂ ಒಂದು ವಾರವಿತ್ತು.

ಎರಡನೆಯ ಸಂಜೆ ದೊಡ್ಡಮ್ಮ ಚಿಮಣಿಬುಡ್ಡಿ ಹಚ್ಚಿ ಮಣೆ ಇಳಿಸಿ, “ಬಾ ಮಗಾ, ಒಂದು ಆಟ” ಎಂದರು. ನಾನು ಎದುರು ಕೂತೆ. ತಾಯಿ ನನ್ನ ಬೆನ್ನ ಹಿಂದೆ ಗೋಡೆಗೊರಗಿ ಅಡಿಕೆ ಹೋಳು ಮಾಡುತ್ತ ಕೂತರು. ಅವರ ಕಣ್ಣು ಕತ್ತರಿಯ ಮೇಲಿತ್ತೆಂದು ನಾನು ಹೇಳಲಾರೆ. ನಾನು ನಾಲ್ಕನೆಯ ಗುಳಿಗೆ ಕೈ ಚಾಚಿದರೆ ಹಿಂದಿನಿಂದ ಒಂದು ಕೆಮ್ಮು. ಕೈಯನ್ನು ಆರನೆಯದರ ಮೇಲೆ ಒಯ್ದರೆ ಕೆಮ್ಮಿಲ್ಲ. ಆರನೆಯದನ್ನೆತ್ತಿದೆ, ಒಂಬತ್ತು ಕಾಯಿ ಸಿಕ್ಕಿದವು. ಹೀಗೆ ಮೂರು ಸಲವಾಯಿತು.

“ನಿನ್ನ ಅಮ್ಮನಿಗೆ ಹೇಳು ಮಗಾ,” ಎಂದರು ದೊಡ್ಡಮ್ಮ, ಮಣೆಯಿಂದ ಕಣ್ಣೆತ್ತದೆ. “ಕೆಮ್ಮು ಜಾಸ್ತಿಯಾಗಿದ್ದರೆ ಕರಿಮೆಣಸಿನ ಕಷಾಯ ಮಾಡಿಕೊಡುತ್ತೇನೆ.”

“ನಿನ್ನ ದೊಡ್ಡಮ್ಮನಿಗೆ ಹೇಳು,” ಎಂದಿತು ಹಿಂದಿನ ದನಿ. “ಇದು ಗಂಟಲಿನ ಕೆಮ್ಮು. ಮಣೆಯದ್ದಲ್ಲ.”

ಇಬ್ಬರಿಗೂ ನಾನು ಹೇಳಬೇಕಾಗಿರಲಿಲ್ಲ, ಹೇಳಲೂ ಇಲ್ಲ. ಮರುದಿನದಿಂದ ಕೆಮ್ಮಿನ ಮರೆಯೂ ಬೇಡವಾಯಿತು. ತಾಯಿ ಸಲೀಸಾಗಿ “ಐದನೆಯದು” ಎನ್ನುತ್ತಿದ್ದರು, ನಾನು ಐದನೆಯದನ್ನು ಎತ್ತುತ್ತಿದ್ದೆ. ಅಕ್ಕತಂಗಿಯರು ಆಡಲಿಲ್ಲ. ಆಡಿದ್ದು ನಾನು. ಸಿರಿಯ ಎದುರು ನಿಂತು ಬೇಕಾದರೂ ಹೀಗೆ ಪ್ರಮಾಣ ಮಾಡುತ್ತೇನೆ.

ಇಬ್ಬರ ಆಟದ ರೀತಿಯೇ ಬೇರೆ. ದೊಡ್ಡಮ್ಮ ಕೂಡಿಡುವವರು, ಬಲಗಡೆಯ ಗುಳಿಗಳಲ್ಲಿ ರಾಶಿ ಬೆಳೆಸಿ ಒಂದೇ ಪೆಟ್ಟಿಗೆ ಕಾಯುವವರು. ತಾಯಿ ಚಿಕ್ಕ ಓಟದವರು. ಒಂಟಿ ಕಾಯಿ, ಜೋಡಿ ಕಾಯಿಗಳನ್ನು ಸರಿಸಿ ಸರಿಸಿ ಐದು ಆರನ್ನು ಎತ್ತಿಡುವವರು. ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಮೊದಲ ಸುತ್ತಿಗೆ ದೊಡ್ಡಮ್ಮನದು, ಆಮೇಲಿನ ಸುತ್ತುಗಳಿಗೆ ತಾಯಿಯದು ಎಂದೇನು.

ಅದಕ್ಕೆ ಕಾರಣವುಂಟು. ಮೂರನೆಯ ಸಂಜೆಯ ಮೊದಲ ಸುತ್ತಿನಲ್ಲಿ ದೊಡ್ಡಮ್ಮನಿಗೆ 32, ನಮಗೆ 24 ಕಾಯಿ ಬಂದವು. ಗುಳಿಗೆ ನಾಲ್ಕರಂತೆ ತುಂಬಿದರೆ 24ಕ್ಕೆ ಆರೇ ಗುಳಿ. ಉಳಿದ ಒಂದು ಗುಳಿಯನ್ನು ಕಡ್ಡಿಯಿಟ್ಟು ಮುಚ್ಚಬೇಕು. ಅದರಲ್ಲಿ ಯಾರೂ ಕಾಯಿ ಹಾಕುವ ಹಾಗಿಲ್ಲ, ದಾಟಿಕೊಂಡು ಹೋಗಬೇಕು. ಯಾವುದನ್ನು ಮುಚ್ಚುವುದೆಂಬುದು ಸೋತವರ ಆಯ್ಕೆ. ಇದನ್ನು ಎಲ್ಲರೂ ಶಿಕ್ಷೆಯೆಂದು ತಿಳಿಯುತ್ತಾರೆ. ತಾಯಿ ಹಾಗೆ ತಿಳಿದವರಲ್ಲ. ಹದಿನಾಲ್ಕು ಗುಳಿಯ ಮಣೆ ಈಗ ಹದಿಮೂರರ ಮಣೆಯಾಯಿತಲ್ಲ? ಗೆದ್ದವರ ಕಣ್ಣಿಗೆ ಅಭ್ಯಾಸವಾದ ಲೆಕ್ಕಗಳೆಲ್ಲ ಒಂದೊಂದು ಜಾರುತ್ತವೆ. ಮುಚ್ಚಿದ ಗುಳಿಯನ್ನು ದಾಟುವ ಓಟ ಎಣಿಸಿದ್ದಕ್ಕಿಂತ ಒಂದು ಮನೆ ಮುಂದೆ ಹೋಗಿ ನಿಲ್ಲುತ್ತದೆ. ಆದ್ದರಿಂದ ತೀರಾ ಮೂಲೆಯದನ್ನು ಮುಚ್ಚದೆ, ಎದುರಾಳಿಯ ಓಟ ಹೆಚ್ಚಾಗಿ ಹಾದುಹೋಗುವ ನಡುವಿನದನ್ನು ಮುಚ್ಚಬೇಕೆಂಬುದು ತಾಯಿಯ ಮತ. ನಾನು ಹೇಳಿದಂತೆ ನಡುವಿನದಕ್ಕೆ ಕಡ್ಡಿಯಿಟ್ಟೆ.

ಆ ಸುತ್ತಿನಲ್ಲಿ ದೊಡ್ಡಮ್ಮ ಮತ್ತೆ ಒಂದು ಗುಳಿಯನ್ನು ಸಾಕಿ ಹದಿಮೂರಕ್ಕೆ ತಂದರು. ಮುಖದಲ್ಲಿ ಹಳೆಯ ತೃಪ್ತಿ. ಎತ್ತಲೆಂದು ಕೈ ಚಾಚಿದರು. ಆದರೆ ಹದಿಮೂರು ಗುಳಿಯ ಮಣೆಯಲ್ಲಿ ತನ್ನ ಮನೆಬಾಗಿಲಿಗೆ ಬಂದು ನಿಲ್ಲಬೇಕಾದರೆ ಬೇಕಾದದ್ದು ಹನ್ನೆರಡು. ಹದಿಮೂರನೆಯ ಕಾಯಿ ಬರಿದಾದ ಗುಳಿಯೊಳಕ್ಕೇ ಬಿದ್ದು, ಓಟ ಮುಂದುವರಿದು, ಅವರು ಕಾದಿದ್ದ ರಾಶಿ ಚೆಲ್ಲಾಪಿಲ್ಲಿಯಾಗುವುದರಲ್ಲಿತ್ತು. ನಮಗೆ ಅದಕ್ಕಿಂತ ಲಾಭ ಬೇರೆ ಇರಲಿಲ್ಲ.

“ಅಕ್ಕಾ! ಮುಚ್ಚಿದ್ದನ್ನು ಬಿಟ್ಟು ಎಣಿಸು!”

ನನ್ನ ಕಿವಿಯ ಪಕ್ಕದಲ್ಲೇ ಬಂತು ಆ ಕೂಗು. ಏಳು ವರ್ಷಗಳ ಮೇಲೆ ತಾಯಿ ತಮ್ಮ ಅಕ್ಕನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಅದೂ ನಮ್ಮ ಪಕ್ಷವನ್ನು ಸೋಲಿಸುವ ಮಾತು. ದೊಡ್ಡಮ್ಮನ ಕೈ ಮಣೆಯ ಮೇಲೆ ಹಾಗೆಯೇ ನಿಂತಿತು, ಕಾಯಿ ಮುಟ್ಟಿರಲಿಲ್ಲ. ಕಣ್ಣಿನಲ್ಲೇ ಒಮ್ಮೆ ಸುತ್ತು ಹಾಕಿ, “ಹೌದಲ್ಲ ತಂಗಿ, ಕಡ್ಡಿ ಕಾಣಲೇ ಇಲ್ಲ ನನಗೆ” ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಬೇರೆ ಗುಳಿಯಿಂದ ಆಡಿದರು. ಕೊನೆಗೆ ಆ ಸುತ್ತನ್ನೂ ಅವರೇ ಗೆದ್ದರು. ಅವರ ಕಣ್ಣಿಗೆ ಪೊರೆ ಬಂದಿದೆಯೆಂಬುದು ಅಂದೇ ನಮಗೆ ತಿಳಿದದ್ದು. ಆ ವರ್ಷದ ಕೊನೆಯಲ್ಲಿ ಮಂಗಳೂರಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದವರು ನನ್ನ ತಾಯಿ.

ಮಳೆ ಸ್ವಲ್ಪ ಹೊಳವಾದ ದಿನ ಇಬ್ಬರೂ ಒಂದೇ ಕೊಡೆಯಲ್ಲಿ ಹೊಳೆಯ ಬದಿಗೆ ಹೋದರು. ನಾನು ಹಿಂದೆ. ಯಾವ ತುಂಡಿಗಾಗಿ ಮಾತು ಬಿಟ್ಟಿದ್ದರೋ ಆ ತುಂಡು ಎಲ್ಲಿತ್ತೆಂದು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಎದೆಯೆತ್ತರ ಮರಳು, ನಡುವೆ ಎಲ್ಲಿಂದಲೋ ತೇಲಿ ಬಂದ ದೊಡ್ಡ ದೊಡ್ಡ ದಿಮ್ಮಿಗಳು, ಒಂದು ಮೂಲೆಯಲ್ಲಿ ಏಳೆಂಟು ಅಡಿಕೆ ಮರ ಸೊಂಟ ಬಾಗಿಸಿ ನಿಂತಿದ್ದವು. ಎಲ್ಲೆಗೆ ಹಾಕಿದ್ದ ಕಲ್ಲು ಮರಳಿನ ಅಡಿಯಲ್ಲಿ ಎಲ್ಲೋ ಹೋಗಿತ್ತು. ತುಂಬ ಹೊತ್ತು ಇಬ್ಬರೂ ಏನನ್ನೂ ಹೇಳಲಿಲ್ಲ. ಆಮೇಲೆ ದೊಡ್ಡಮ್ಮ, “ಮರಳು ತೆಗೆಸುವುದಕ್ಕೆ ತೋಟದ ಬೆಲೆಗಿಂತ ಜಾಸ್ತಿ ಆದೀತು” ಎಂದರು. ತಾಯಿ, “ಅರ್ಧ ನಾನು ಹಾಕುತ್ತೇನೆ” ಎಂದರು. ಯಾರ ತೋಟದ ಮರಳು, ಅರ್ಧ ಯಾಕೆ ಎಂದು ದೊಡ್ಡಮ್ಮ ಕೇಳಲಿಲ್ಲ. ಪರಿಹಾರದ ಅರ್ಜಿಯಲ್ಲಿ ಮಾತ್ರ ಒಬ್ಬರದೇ ಹೆಸರು ಬರೆಯಬೇಕಿತ್ತು. ಬರೆದವನು ನಾನೇ, ದೊಡ್ಡಮ್ಮನದೇ ಬರೆದೆ. ತಾಯಿ ಎದುರಿಗೇ ಕೂತಿದ್ದರು.

ಅಲ್ಲಿ ಈಗ ಅಡಿಕೆಯ ಸಸಿಗಳಿವೆ. ಎದ್ದಿವೆ ಎನ್ನಬಹುದು, ಸೊಂಪಾಗಿವೆ ಎನ್ನಲಾರೆ. ಮರಳು ನೀರು ಹಿಡಿಯುವುದಿಲ್ಲ. ಫಲ ಬಂದ ಮೇಲೆ ಕೊನೆ ಯಾರದೆಂಬ ಪ್ರಶ್ನೆ ಮತ್ತೆ ಹುಟ್ಟುವುದೋ ಇಲ್ಲವೋ, ನಾನು ಭವಿಷ್ಯ ಹೇಳುವವನಲ್ಲ.

ತಾಯಿಗೆ ಈಗ ಘಟ್ಟದ ತಿರುವುಗಳಲ್ಲಿ ತಲೆಸುತ್ತು. ಇಳಿದು ಹೋಗುವುದು ಕಡಿಮೆಯಾಗಿದೆ. ಕಾರ್ಕಳದ ಕಡೆಯ ಬಡಗಿಯೊಬ್ಬರಿಂದ ಅವರೊಂದು ಮಣೆ ಮಾಡಿಸಿ ತರಿಸಿಕೊಂಡಿದ್ದಾರೆ. ಆಟಿ ಹುಟ್ಟಿದರೆ ದಿನವೂ ಸಂಜೆ ಐದಕ್ಕೆ ಚಾರ್ಮಾಡಿಗೆ ಫೋನು. ಈ ಆಟಕ್ಕೆ ಕವಡೆಯಿಲ್ಲ, ದಾಳವಿಲ್ಲ. ಗುಳಿಯ ಸಂಖ್ಯೆಯೊಂದನ್ನು ಹೇಳಿದರೆ ಸಾಕು, ಇಲ್ಲಿ ನಡೆದಂತೆಯೇ ಅಲ್ಲೂ ನಡೆಯುತ್ತದೆ. ನಿಷೇಧ ಏನಾಯಿತೆಂದು ನನ್ನ ಮಗಳು ಕೇಳಿದಳು. ಒಂದೇ ಮಣೆಗೆ ಎದುರುಬದುರು ಕೂತರೆ ತಾನೆ, ಎಂದರು ನನ್ನ ತಾಯಿ. ನನ್ನ ಸೇವೆ ಅವರಿಗೆ ಈಗ ಬೇಡ. ಆದರೂ ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿರುವ ನನಗೆ ಫೋನಿನೊಳಗಿಂದ ದೊಡ್ಡಮ್ಮನ ದನಿ ಕೇಳುತ್ತದೆ: “ಎರಡನೆಯದು, ತಂಗಿ. ಹದಿಮೂರು ಎತ್ತಿಟ್ಟುಕೊಂಡೆ ನಾನು. ನೀನು ನಿನ್ನ ಮಣೆಯಲ್ಲಿ ತೆಗೆದಿಟ್ಟೆಯಾ?” ಗಾಳಿಗೆ ಲೈನು ಹೋದರೆ ಇಬ್ಬರೂ ಮಣೆಯನ್ನು ಅಲುಗಿಸದೆ, ಮೇಲೊಂದು ಗೆರಸೆ ಮುಚ್ಚಿ, ಮರುದಿನ ಐದು ಗಂಟೆಯವರೆಗೆ ಹಾಗೆಯೇ ಇಡುತ್ತಾರೆ.